ಯಾವ ಊರಿಗಿಂತ ಹೆಚ್ಚು?



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿ ಸುಣ್ಣದ ಕಲ್ಲಿದೆ. ಆದುದರಿಂದಲೇ ಸಿಮೆಂಟ್ ಕಾರ್ಖಾನೆಗಳೂ ಹಾಸುಗಲ್ಲಿನ ಗಣಿಗಳೂ ಅಲ್ಲಿ ನೆಲೆಯೂರಿದವು. ತೊಗರಿಯ ಎಲೆಯ ಮೇಲೆ ಕೂರುವ ಧೂಳು ಕಣ್ಣಿಗೆ ಕಾಣುತ್ತದೆ; ಎದೆಗೂಡಿನೊಳಗೆ ಅದು ಮಾಡುವ ಕೆಲಸ ಕಾಣುವುದಿಲ್ಲ. ‘ನಮ್ಮೂರಿನಲ್ಲಿ ಕೆಮ್ಮು ಹೆಚ್ಚು’ ಎಂದು ಜನ ದೂರಿದರೆ ‘ಯಾವ ಊರಿಗಿಂತ ಹೆಚ್ಚು?’ ಎಂಬ ಪ್ರಶ್ನೆ ಎದುರಾಗುತ್ತದೆ. ಕೊಂಕಿನಿಂದ ಕೇಳಿದರೂ ಪ್ರಶ್ನೆ ನ್ಯಾಯವಾದುದೇ.

ಅದಕ್ಕೆ ಉತ್ತರಿಸುವ ಬಗೆಯನ್ನು ಅರಿಯಲು ಕಾಸರಗೋಡಿನ ಪಡ್ರೆ ಒಳ್ಳೆಯ ದೃಷ್ಟಾಂತ. ಅಲ್ಲಿನ ಗುಡ್ಡಗಳ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ 117 ಶಾಲಾ ಬಾಲಕರನ್ನು, ಸಿಂಪಡಣೆಗೆ ಒಳಗಾಗದ 90 ಬಾಲಕರೊಡನೆ ಹೋಲಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ರಕ್ತದಲ್ಲಿ ವಿಷದ ಸರಾಸರಿ ಪ್ರಮಾಣ ನೂರು ಕೋಟಿ ಭಾಗಕ್ಕೆ 7.47, ಹೋಲಿಕೆಯ ಗುಂಪಿನಲ್ಲಿ 1.37. ಇದು ಗಣನೀಯ ವ್ಯತ್ಯಾಸ. ಅಂದರೆ, ಎರಡು ಗುಂಪುಗಳಲ್ಲಿ ನಿಜವಾಗಿ ಭೇದವೇ ಇಲ್ಲದಿದ್ದರೆ ಇಷ್ಟು ಅಂತರ ಬರಿಯ ಆಕಸ್ಮಿಕದಿಂದ ಕಾಣಿಸಿಕೊಳ್ಳುವುದು ಅತಿ ವಿರಳ.

ಅದೇ ಪ್ರಬಂಧದ ಇನ್ನೊಂದು ಸಂಖ್ಯೆಯನ್ನು ಗಮನಿಸಿರಿ. ವೃಷಣಗಳು ಇಳಿಯುವುದಕ್ಕೆ ಸಂಬಂಧಿಸಿದ ಜನ್ಮಜಾತ ನ್ಯೂನತೆಗಳು ಪಡ್ರೆಯಲ್ಲಿ ಶೇ. 5.1, ಅತ್ತ ಶೇ. 1.1. ಸುಮಾರು ಐದು ಪಟ್ಟು! ಆದರೂ ಅದು ‘ಗಣನೀಯವಲ್ಲ’ ಎಂದೇ ದಾಖಲಾಯಿತು. ತಲೆಯೆಣಿಕೆಯಲ್ಲಿ ಅದು ಆರು ಬಾಲಕರು, ಒಬ್ಬ ಬಾಲಕ. ಅಷ್ಟರಿಂದ ಆಕಸ್ಮಿಕವನ್ನು ತಳ್ಳಿಹಾಕಲಾಗದು. ಇದೇ ಪ್ರಮಾಣವು ಮೂರು ಪಟ್ಟು ಮಕ್ಕಳಲ್ಲಿ ಕಂಡಿದ್ದರೆ ತೀರ್ಪು ಬೇರೆಯಾಗುತ್ತಿತ್ತು. ‘ಗಣನೀಯವಲ್ಲ’ ಎಂಬುದನ್ನು ‘ಹಾನಿಯಿಲ್ಲ’ ಎಂದು ಓದುವವರು ಒಂದೋ ಲೆಕ್ಕ ಅರಿಯದವರು, ಇಲ್ಲವೇ ಚೆನ್ನಾಗಿ ಅರಿತವರು.

ಸೇಡಂ ಸೀಮೆಯಲ್ಲಿ ಎಣಿಕೆಗೆ ಹೊರಡುವ ವಿದ್ಯಾರ್ಥಿಗಳಿಗೆ ತೊಡಕುಗಳು ಇನ್ನೂ ಇವೆ. ಕಾರ್ಖಾನೆಯ ಕಾರ್ಮಿಕರನ್ನು ಊರಿನ ಉಳಿದವರೊಡನೆ ಹೋಲಿಸಿದರೆ ಕಾರ್ಮಿಕರೇ ಗಟ್ಟಿಮುಟ್ಟಾಗಿ ಕಂಡಾರು. ಏದುಸಿರು ಹತ್ತಿದವರು ಮೊದಲೇ ಕೆಲಸ ಬಿಟ್ಟು ಮನೆ ಸೇರಿರುತ್ತಾರೆ. ಆರೋಗ್ಯ ಶಿಬಿರದ ಪಟ್ಟಿಯೂ ಸಾಲದು, ಶಿಬಿರಕ್ಕೆ ಬರುವವರು ಹೆಚ್ಚಾಗಿ ಕಾಯಿಲೆಯವರೇ. ಇಪ್ಪತ್ತು ಲಕ್ಷಣಗಳನ್ನು ಕೇಳುತ್ತ ಹೋದರೆ ಒಂದಾದರೂ ಆಕಸ್ಮಿಕವಾಗಿ ‘ಗಣನೀಯ’ವಾದೀತು, ಯಾವುದನ್ನು ಅಳೆಯುವುದೆಂದು ಮೊದಲೇ ಬರೆದಿಡಬೇಕು.

ಹೋಲಿಕೆಯ ಊರು ಗಾಳಿ ಧೂಳನ್ನು ಒಯ್ಯದಷ್ಟು ದೂರವಿರಬೇಕು. ಆದರೆ ಅಲ್ಲಿಯೂ ಅದೇ ಸೌದೆಯೊಲೆ, ಅದೇ ಬೀಡಿ, ಅದೇ ಕೂಲಿಯ ಬದುಕು ಇರಬೇಕು. ಎರಡೂ ಕಡೆ ಕೆಲಸ ಬಿಟ್ಟವರನ್ನೂ ಗುಳೆ ಹೋದವರನ್ನೂ ಮನೆಮನೆಗೆ ಹೋಗಿ ಎಣಿಕೆಗೆ ಸೇರಿಸಬೇಕು.