ದಂಡಿನ ನದಿ

ಥೇಮ್ಸ್ ನದಿಯ ಹೆಸರನ್ನು ಕೇಳದಿರುವ ವಿದ್ಯಾವಂತರು ನಮ್ಮ ನಗರದಲ್ಲಿ ವಿರಳ. ಅದು ಕಾಟ್ಸ್‌ವೋಲ್ಡ್ ಗುಡ್ಡಗಳಲ್ಲಿ ಹುಟ್ಟಿ, ಆಕ್ಸ್‌ಫರ್ಡನ್ನು ಬಳಸಿ, ಲಂಡನ್ನಿನ ನಡುವೆ ಹಾದು, 215 ಮೈಲಿ ಹರಿದು ಕಡಲನ್ನು ಸೇರುವುದೆಂಬುದು ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು. ಅದರ ಹಂಸಗಳ ಸಂಗತಿಯೂ ದೋಣಿ ಪಂದ್ಯಗಳ ಸಂಗತಿಯೂ ಗೊತ್ತು. ಆದರೆ ಹಲಸೂರಿನಲ್ಲಿಯೋ ಇಂದಿರಾನಗರದಲ್ಲಿಯೋ ಮನೆ ಮಾಡಿಕೊಂಡಿರುವ ಒಬ್ಬ ಮಹನೀಯರನ್ನು ನಿಲ್ಲಿಸಿ, "ಸ್ವಾಮಿ, ತಮ್ಮ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರು ಯಾವ ನದಿಗೆ ಹೋಗುತ್ತದೆ?" ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. "ಬೆಂಗಳೂರಿಗೆ ನದಿಯೆಲ್ಲಿಯದು?" ಎಂದು ಅವರು ನಕ್ಕಾರು. ಆ ಇಲ್ಲದ ನದಿಯ ವಿಷಯವಾಗಿಯೇ ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇವೆ.

ನಮ್ಮ ಊರು ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಹೆಂಚಿನ ಮಾಡಿನ ನೆತ್ತಿಯಂತೆ ಈ ದಿಣ್ಣೆ ಮಳೆಯ ನೀರನ್ನು ಎರಡು ಕಡೆಗೆ ಹಂಚುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯಾಗಿ, ಅರ್ಕಾವತಿಯನ್ನು ಕೂಡಿ, ಕಾವೇರಿಗೆ ಸಲ್ಲುತ್ತದೆ. ಪೂರ್ವಕ್ಕೆ ಇಳಿದದ್ದರ ದಾರಿಯೇ ಬೇರೆ. ದಂಡು ಪ್ರದೇಶದ ನೀರು ಹಲಸೂರು ಕೆರೆಗೆ ಬಂದು, ಅಲ್ಲಿಂದ ಚಲ್ಲಘಟ್ಟದ ಕಣಿವೆಯನ್ನು ಹಿಡಿದು ಬೆಳ್ಳಂದೂರಿಗೆ, ಬೆಳ್ಳಂದೂರಿನ ಕೋಡಿಯಿಂದ ವರ್ತೂರಿಗೆ ಹೋಗುತ್ತದೆ. ಹೆಬ್ಬಾಳ, ನಾಗವಾರಗಳ ನೀರು ಕೃಷ್ಣರಾಜಪುರದ ಆಚೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಕಡೆಗೆ ಹೊರಳುತ್ತದೆ. ಎರಡೂ ಕಡೆಗೆ ಸೇರುವುದು ದಕ್ಷಿಣ ಪಿನಾಕಿನಿಯನ್ನು.

ಪಿನಾಕಿನಿಯರು ಇಬ್ಬರು. ಇಬ್ಬರಿಗೂ ತವರು ನಂದಿಯ ಸೀಮೆಯ ಬೆಟ್ಟಗಳೇ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಬಳಿ ಸಮುದ್ರವನ್ನು ಕಾಣುತ್ತಾಳೆ. ದಕ್ಷಿಣದವಳು ಹೊಸಕೋಟೆಯನ್ನು ಹಾದು, ಹೊಸೂರು, ಕೃಷ್ಣಗಿರಿ, ತಿರುಕ್ಕೋಯಿಲೂರುಗಳನ್ನು ದಾಟಿ, ತಮಿಳರ ಬಾಯಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತಾಳೆ. ಒಟ್ಟು ಹಾದಿ ಸುಮಾರು 250 ಮೈಲಿ. ಥೇಮ್ಸಿಗಿಂತ ಉದ್ದವೇ ಹೊರತು ಗಿಡ್ಡವಲ್ಲ. ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ 1892ರಲ್ಲಿ ಆದ ನೀರಿನ ಒಪ್ಪಂದದಲ್ಲಿ ಕಾವೇರಿ, ತುಂಗಭದ್ರೆಗಳ ಪಂಕ್ತಿಯಲ್ಲಿಯೇ ಈಕೆಯ ಹೆಸರೂ ಉಂಟು.

ಇಂಗ್ಲೆಂಡಿನ ನದಿಗೆ ವರ್ಷವಿಡೀ ಮಳೆ. ನಮ್ಮದಕ್ಕೆ ಹಾಗಿಲ್ಲ. ಆದುದರಿಂದ ಹಿಂದಿನವರು ಹರಿಯುವ ನೀರನ್ನು ಹರಿಯಗೊಡದೆ ಕಟ್ಟೆ ಹಾಕಿ, ಒಂದರ ಕೋಡಿ ಇನ್ನೊಂದರ ಬಾಯಿಗೆ ಬೀಳುವಂತೆ ಕೆರೆಗಳನ್ನು ಪೋಣಿಸಿದರು. ನಮ್ಮ ಸೀಮೆಯಲ್ಲಿ ನದಿಯೆಂದರೆ ಈ ಸರವೇ. 1809ರಲ್ಲಿ ದಂಡು ಬಂದು ನೆಲಸಿದಾಗ ಸೋಜರರೂ ಕುದುರೆಗಳೂ ಬದುಕಿದ್ದು ಇಂತಹ ಕೆರೆ ಬಾವಿಗಳ ನೀರಿನಿಂದ. ದಂಡಿನವರಿಗಾಗಿಯೇ 1882ರಲ್ಲಿ ಸ್ಯಾಂಕಿ ಕೆರೆ ಆಯಿತು. ಆಮೇಲೆ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿಯಲ್ಲಿ ದೂರದ ನೀರು ಬಂದ ಮೇಲೆ ಮನೆಯ ಹತ್ತಿರದ ಕೆರೆಗೆ ಬೇರೆ ಉದ್ಯೋಗ ದೊರೆಯಿತು. ಅದೇನೆಂದು ವಿಸ್ತರಿಸಬೇಕಾದ್ದಿಲ್ಲ, ಗಾಳಿ ಬೀಸಿದಾಗ ಮೂಗೇ ಹೇಳುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ಕಾವೇರಿಯ ನೀರನ್ನು ನಾವು 60 ಮೈಲಿ ದೂರದಿಂದ, 1,500 ಅಡಿಗೂ ಮೇಲಕ್ಕೆ ಯಂತ್ರಗಳಿಂದ ಎತ್ತಿ ತರುತ್ತೇವೆ. ಪೂರ್ವದ ಬಡಾವಣೆಗಳಲ್ಲಿ ಸ್ನಾನ, ಅಡಿಗೆ, ಬಟ್ಟೆ ಒಗೆತ ಮುಗಿದ ಮೇಲೆ ಅದು ಇಳಿಯುವುದು ಪಿನಾಕಿನಿಯ ಕಡೆಗೆ. ಪೂಂಪುಹಾರಿನಲ್ಲಿ ಕಡಲನ್ನು ಕಾಣಬೇಕಾದ ಕಾವೇರಿಯ ಪಾಲೊಂದು ಕಡಲೂರಿನ ದಾರಿ ಹಿಡಿದಿದೆ. ಮಳೆಗಾಲ ಕಳೆದರೆ ಒಣಗಿ ಮರಳಾಗುತ್ತಿದ್ದ ಹಳ್ಳ ಈಗ ವರ್ತೂರಿನ ಕೆಳಗೆ ಬೇಸಗೆಯಲ್ಲಿಯೂ ಬತ್ತುವುದಿಲ್ಲ. ಭಗೀರಥನಾದರೂ ಗಂಗೆಯನ್ನು ಶುದ್ಧವಾಗಿಯೇ ತಂದನು. ನಾವು ಬಚ್ಚಲಿನಿಂದ ಒಂದು ಜೀವನದಿಯನ್ನು ಸೃಷ್ಟಿಸಿದ್ದೇವೆ. ಆ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿ ಗಾಡಿಯೇರಿ ಪುನಃ ನಮ್ಮ ಅಡಿಗೆಯ ಮನೆಗೇ ಬರುತ್ತದೆ.

ವಿಹಾರದ ಮಾತಿಗೆ ಬಂದರೆ, ನಮಗಿರುವುದು ಹಲಸೂರು ಕೆರೆ. ಸುಮಾರು 120 ಎಕರೆಯ ನೀರು, ನಡುವೆ ಮರ ತುಂಬಿದ ನಡುಗಡ್ಡೆಗಳು, ಬಾಡಿಗೆಯ ದೋಣಿಗಳು. ದಡದಲ್ಲಿಯೇ ಮದರಾಸ್ ಸ್ಯಾಪರ್ಸ್ ಪಾಳೆಯ. ತೇಲುಸೇತುವೆ ಕಟ್ಟುವುದನ್ನು ಅವರ ಸಿಪಾಯಿಗಳು ಈ ನೀರಿನಲ್ಲಿಯೇ ಕಲಿಯುವರು. ಬೆಳ್ಳಂದೂರಿನದು ಇನ್ನೂ ವಿಚಿತ್ರವಾದ ಕಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ರಿಪೇರಿಗೆಂದು ಬರುತ್ತಿದ್ದ ಕ್ಯಾಟಲೀನಾ ಎಂಬ ಹಾರುವ ದೋಣಿಗಳು ಆ ಕೆರೆಯ ಮೇಲೆಯೇ ಇಳಿಯುತ್ತಿದ್ದವು. ಸಮುದ್ರವಿಲ್ಲದ ಊರಿಗೆ ಕಡಲ ವಿಮಾನ!

ಹಂಸಗಳಿಲ್ಲವೆಂದು ಕೊರಗಬೇಕಾಗಿಲ್ಲ. ಮುಂಜಾನೆ ಹಲಸೂರಿನ ದಡದಲ್ಲಿ ಅರ್ಧ ಗಂಟೆ ನಿಂತರೆ, ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ನೀಲಿ ಕಿಡಿಯಂತೆ ಎರಗುವ ಮಿಂಚುಳ್ಳಿ, ಬಿಳಿಯ ಕತ್ತಿನ ಗರುಡ, ಅಲುಗಾಡದೆ ತಪಸ್ಸಿಗೆ ನಿಂತ ಬಕ, ಇವರ ದರ್ಶನವಾಗುತ್ತದೆ. ಜೊಂಡು ಬೆಳೆದ ಕೆರೆಗಳಲ್ಲಿ ನೇರಳೆ ಜಂಬುಕೋಳಿಯೂ, ಹಣೆಯ ಮೇಲೆ ಬಿಳಿಯ ನಾಮವಿಟ್ಟ ನಾಮದ ಕೋಳಿಯೂ ಉಂಟು. ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆಜ್ಜಾರ್ಲೆ. ಅಷ್ಟು ಭಾರದ ದೇಹವನ್ನು ಹೊತ್ತು ಅಷ್ಟು ಸಲೀಸಾಗಿ ಇಳಿಯುವ ಹಕ್ಕಿ ಇನ್ನೊಂದಿಲ್ಲ.

ಹಕ್ಕಿಗೆ ರೆಕ್ಕೆಯಿದೆ, ನೀರು ಕೆಟ್ಟರೆ ಹಾರಿ ಹೋದೀತು. ಮೀನು ಎಲ್ಲಿಗೆ ಹೋಗಬೇಕು? 2016ರ ಮಾರ್ಚಿಯಲ್ಲಿ ಹಲಸೂರಿನಲ್ಲಿ ಸಾವಿರಾರು ಮೀನುಗಳು ಉಸಿರುಕಟ್ಟಿ ಸತ್ತು ದಡಕ್ಕೆ ಬಿದ್ದುವು. ಬೆಳ್ಳಂದೂರಿನ ಕೋಡಿಯಲ್ಲಿ ಸಾಬೂನಿನ ನೊರೆ ಆಳೆತ್ತರ ಎದ್ದು ರಸ್ತೆಗೆ ಹಾರಿತು. 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂಬುದು ನಮ್ಮ ಅಜ್ಜಿಯರ ಕಾಲದಲ್ಲಿ ಬರಿಯ ಶಾಪದ ಮಾತಾಗಿತ್ತು. ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿಯೂ ಆ ನೊರೆ ಏಳುತ್ತದೆ. ಅಲ್ಲಿಯ ರೈತರು ನಮ್ಮ ಸಾಬೂನನ್ನು ಬಲ್ಲರು. ನಾವು ಅವರ ಊರಿನ ಹೆಸರನ್ನೂ ಅರಿಯೆವು.

ಥೇಮ್ಸ್ ಕೂಡ ಹೀಗೆಯೇ ಇತ್ತು. 1858ರ ಬೇಸಗೆಯಲ್ಲಿ ಅದರ ದುರ್ಗಂಧ ಎಷ್ಟಿತ್ತೆಂದರೆ, ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರು. ನಾತ ಸಭಾಸದರ ಮೂಗಿಗೇ ಬಡಿದುದರಿಂದ ಹಣವೂ ಬೇಗ ಮಂಜೂರಾಯಿತು. ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ನಗರದಡಿಯಲ್ಲಿ ದೊಡ್ಡ ಚರಂಡಿಗಳನ್ನು ಕಟ್ಟಿದನು. ಆದರೂ 1957ರಲ್ಲಿ ಲಂಡನ್ನಿನ ಭಾಗದ ನದಿಯಲ್ಲಿ ಜೀವವೇ ಇಲ್ಲವೆಂದು ಪಂಡಿತರು ಸಾರಿದರು. 1974ರಲ್ಲಿ ಸಾಮನ್ ಮೀನೊಂದು ಸಿಕ್ಕಿತು; ಈಗ ಸೀಲುಗಳೂ ಬರುತ್ತವೆ. ರೋಗ ಪೂರ್ತಿ ಹೋಯಿತೆಂದಲ್ಲ. 2024ರ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಪಂದ್ಯದಲ್ಲಿ, ಗೆದ್ದ ಸಂತೋಷಕ್ಕೂ ನೀರಿಗೆ ಇಳಿಯಬಾರದೆಂದು ಹುಟ್ಟುಹಾಕುವವರಿಗೆ ಎಚ್ಚರಿಕೆ ಕೊಟ್ಟಿದ್ದರು. 15 ಮೈಲಿಗೂ ಉದ್ದನೆಯ ಹೊಸ ಸುರಂಗವೊಂದು 2025ರಲ್ಲಿ ಪೂರ್ಣವಾಗಿ ಕೆಲಸಕ್ಕೆ ಬಂದಿದೆ.

ನಮ್ಮಲ್ಲಿಯೂ ಏನೂ ನಡೆದಿಲ್ಲವೆನ್ನಲಾಗದು. ಕೋರಮಂಗಲ ಚಲ್ಲಘಟ್ಟದ ಕಣಿವೆಯ ಕೊಳೆನೀರನ್ನು ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರದ ಕೆರೆಗಳಿಗೆ ಎತ್ತಿ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅನೇಕ ವರ್ಷ ಬತ್ತಿದ್ದ ಕೆರೆಗಳಲ್ಲಿ ಅಲೆ ಎದ್ದಿತು. ಆ ನೀರನ್ನು ಇನ್ನೂ ಒಂದು ಹಂತ ಶುದ್ಧಿಮಾಡಿ ಕೊಡಿರೆಂದು ಕೋಲಾರದವರು ಕೇಳುತ್ತಾರೆ. ಕೇಳುವುದು ನ್ಯಾಯವೇ ಸರಿ.

ಬಿಡುವಿನ ಒಂದು ಭಾನುವಾರ ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿ ಹೊರಟರೆ, ರಸ್ತೆಯ ಮಗ್ಗುಲಲ್ಲಿಯೇ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಕ್ಕುತ್ತದೆ. ವೀಳ್ಯದೆಲೆಯ ವ್ಯಾಪಾರದಿಂದ ಬಂದ ಹಣದಲ್ಲಿ ಒಬ್ಬ ವರ್ತಕನು ಕಟ್ಟಿಸಿದ ಕೆರೆ ಅದು. ಇನ್ನೂ ಮುಂದೆ ಹೋದರೆ ಹೊಸಕೋಟೆ. ಮಳೆ ಚೆನ್ನಾಗಿ ಆದ ವರ್ಷ ಅಲ್ಲಿಯ ದೊಡ್ಡ ಕೆರೆಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನೆರೆದಿರುತ್ತವೆ. ದುರ್ಬೀನು ಇದ್ದವರು ತೆಗೆದುಕೊಂಡು ಹೋಗಬಹುದು.