ಬಹುವ್ಯಾಧಿಗಳೂ ಔಷಧದ ವೆಚ್ಚವೂ



ಜ್ವರ ಬಂದವನು ವೈದ್ಯರ ಬಳಿಗೆ ಹೋಗುತ್ತಾನೆ. ನಾಲ್ಕು ದಿವಸ ಔಷಧವನ್ನು ಸೇವಿಸುತ್ತಾನೆ. ಗುಣವಾದ ಮೇಲೆ ಷೀಷೆಯನ್ನು ಬಿಸುಡುತ್ತಾನೆ. ಆ ವೆಚ್ಚವು ಎಷ್ಟೇ ಆಗಿರಲಿ, ಅದಕ್ಕೊಂದು ಕೊನೆಯುಂಟು. ಈ ಸಂಜೆ ನಾವು ಪ್ರಸ್ತಾಪಿಸಬೇಕೆಂದಿರುವುದು ಕೊನೆಯೇ ಕಾಣದ ವೆಚ್ಚವೊಂದನ್ನು. ಮಧುಮೇಹ, ರಕ್ತದ ಒತ್ತಡ, ಹೃದ್ರೋಗ, ಥೈರಾಯಿಡ್ ಗ್ರಂಥಿಯ ದೌರ್ಬಲ್ಯ ಮೊದಲಾದವು ಒಮ್ಮೆ ಮನೆ ಹೊಕ್ಕರೆ ಒಕ್ಕಲಾಗಿಯೇ ನಿಲ್ಲತಕ್ಕವು. ಅನೇಕ ವೇಳೆ ಒಂದರ ಬೆನ್ನಿಗೇ ಮತ್ತೊಂದು ಬಂದು ಸೇರುವುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಮಿಕ್ಕವರಲ್ಲಿ ರಕ್ತದ ಒತ್ತಡವು ಹೆಚ್ಚಾಗಿರುವುದೆಂದು ಕಂಡುಹಿಡಿಯಿತು.

ಅಂಕಿಗಳು ಹಾಗಿರಲಿ, ನಮ್ಮ ಮನೆಯ ಸಂಗತಿಯನ್ನೇ ಅರಿಕೆಮಾಡುತ್ತೇವೆ. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ. ಮೇಲೆ ಹೇಳಿದ ವ್ಯಾಧಿಗಳಲ್ಲಿ ಮೂರು ಅವರಲ್ಲಿವೆ. ದಿನಕ್ಕೆ ಆರು ಗುಳಿಗೆ. ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರ ಕುಟುಂಬ ಪಿಂಚಣಿಯಿಂದಲೇ ಅವರು ಔಷಧವನ್ನು ತರಿಸುವರು. ನಾವು ಕೊಡಹೋದರೆ, “ನೀನು ಮಕ್ಕಳ ಫೀಜು ನೋಡಿಕೊ” ಎನ್ನುವರು. ಕಳೆದ ವರ್ಷ ಅವರ ರಕ್ತದ ಒತ್ತಡವು ಇಳಿಯದಿರಲು, ವೈದ್ಯರು ಏಳನೆಯ ಗುಳಿಗೆಯೊಂದನ್ನು ಸೇರಿಸಿದರು. ದೀಪಾವಳಿಗೆ ಮನೆಯನ್ನು ಗುಡಿಸಿ ಸಾರಿಸುವಾಗ, ಅವರ ಎಲೆಅಡಕೆಯ ಡಬ್ಬಿಯಲ್ಲಿ ಕಾಗದದ ಪೊಟ್ಟಣವೊಂದು ಕಂಡಿತು. ಬಿಚ್ಚಿ ನೋಡಿದರೆ ಅರ್ಧರ್ಧ ಗುಳಿಗೆಗಳು! ಅಡಕೆಕತ್ತರಿಯಿಂದ ಕತ್ತರಿಸಿದವು.

“ಇದೇನಮ್ಮಾ?” ಎಂದೆವು.

“ತಿಂಗಳ ಕೊನೆಯಲ್ಲಿ ಮಾತ್ರ ಕಣಪ್ಪ. ಅರ್ಧ ನುಂಗಿದರೆ ಅರ್ಧವಾದರೂ ಗುಣ ಕೊಡುವುದಲ್ಲ” ಎಂದರು.

ದುಡ್ಡು ಸಾಲದೆ ಗುಳಿಗೆ ಅರ್ಧವಾಯಿತು; ಗುಳಿಗೆ ಅರ್ಧವಾದುದರಿಂದ ಒತ್ತಡ ಇಳಿಯಲಿಲ್ಲ; ಒತ್ತಡ ಇಳಿಯದುದರಿಂದ ಹೊಸ ಗುಳಿಗೆ ಬಂದಿತು; ಅದರಿಂದ ಖರ್ಚು ಮತ್ತಷ್ಟು ಏರಿತು. ವೈದ್ಯರಿಗೆ ಇದು ತಿಳಿಯದು. ಒಂದೇ ಸೂರಿನಡಿ ಇದ್ದು, ಹತ್ತು ಜನಕ್ಕೆ ಪಾಠ ಹೇಳುವ ನಮಗೂ ತಿಳಿಯಲಿಲ್ಲ. ಬಡತನವನ್ನು ಹೇಳಿಕೊಳ್ಳಲಾರದ ಮಧ್ಯಮವರ್ಗದ ಮನೆಗಳಲ್ಲಿ ಇಂತಹ ಪೊಟ್ಟಣಗಳು ಎಷ್ಟಿರಬಹುದು!

ದಿನಕ್ಕೆ ಏಳು ಗುಳಿಗೆಯೆಂದರೆ ವರ್ಷಕ್ಕೆ 2,555. ಒಂದೊಂದರ ಬೆಲೆ ಅಲ್ಪವಾಗಿ ತೋರಿದರೂ ಒಟ್ಟು ಅಲ್ಪವಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ನೆರವಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯುಂಟು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಅದು ಒದಗುವುದು. ಆದರೆ ಆಸ್ಪತ್ರೆಗೆ ಸೇರದಂತೆ ನಮ್ಮನ್ನು ಕಾಪಾಡುವ ದಿನನಿತ್ಯದ ಗುಳಿಗೆಗೆ ಅದು ಒದಗದು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆತ್ತ ಪಾಲು 2013-14ರಲ್ಲಿ ನೂರಕ್ಕೆ 64ರಷ್ಟಿದ್ದುದು 2021-22ರ ಹೊತ್ತಿಗೆ 39ಕ್ಕೆ ಇಳಿಯಿತು. ಇದು ಸಂತೋಷದ ವಿಷಯವೇ. ಆದರೂ ಹೊರೆ ಹಗುರವಾಯಿತೆನ್ನುವಂತಿಲ್ಲ.

ಬೆಲೆಯ ವಿಷಯದಲ್ಲಿ ಸರ್ಕಾರವು ಸುಮ್ಮನಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆಜ್ಞೆಯು ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವವಕ್ಕೆ ಪರಮಾವಧಿ ಬೆಲೆಯನ್ನು ಗೊತ್ತುಮಾಡುವುದು. ಪಟ್ಟಿಯ ಹೊರಗಿರುವವುಗಳ ಬೆಲೆಯನ್ನಾದರೋ ತಯಾರಕರು ವರ್ಷಕ್ಕೆ ನೂರಕ್ಕೆ ಹತ್ತರವರೆಗೆ ಏರಿಸಬಹುದು. ಇದಲ್ಲದೆ, ಒಂದೇ ವಸ್ತುವು ಹಲವು ವ್ಯಾಪಾರನಾಮಗಳಿಂದ ಹಲವು ಬೆಲೆಗೆ ಮಾರಾಟವಾಗುತ್ತದೆ. ವ್ಯಾಪಾರನಾಮದ ಹಂಗಿಲ್ಲದೆ ಮೂಲ ಹೆಸರಿನಿಂದಲೇ ಔಷಧವನ್ನು ಅಗ್ಗವಾಗಿ ಕೊಡುವ ಜನೌಷಧಿ ಅಂಗಡಿಗಳು 2008ರಿಂದ ನಡೆಯುತ್ತಿವೆ. ವಿದ್ಯಾವಂತರಾದ ನಾವು ಅವುಗಳ ಮುಂದೆಯೇ ಹಾದುಹೋಗಿ, ಅಗ್ಗವಾದುದು ಕಳಪೆಯಾಗಿರಬೇಕೆಂದು ಭಾವಿಸಿ ಮುಂದಿನ ಅಂಗಡಿಯನ್ನು ಹೊಗುತ್ತೇವೆ. ವೈದ್ಯರನ್ನು ಕೇಳಿ ತಿಳಿದುಕೊಳ್ಳಲು ಸಂಕೋಚವೇಕೆ?

ಮತ್ತೊಂದು ಮಾತು. ಹೃದಯಕ್ಕೊಬ್ಬ ವೈದ್ಯರು, ಮಧುಮೇಹಕ್ಕೊಬ್ಬರು, ಮಂಡಿನೋವಿಗೊಬ್ಬರು ಎಂದು ಹೋದಾಗ ಗುಳಿಗೆಗಳು ಕೂಡುತ್ತ ಹೋಗುವುವೇ ಹೊರತು ಕಳೆಯುವವರು ಯಾರೂ ಇಲ್ಲ. ಆದಕಾರಣ ಎಲ್ಲ ಔಷಧಗಳನ್ನೂ ಒಂದು ಕಾಗದದಲ್ಲಿ ಬರೆದು, ಒಬ್ಬ ವೈದ್ಯರ ಮುಂದಿಟ್ಟು, “ಇವುಗಳಲ್ಲಿ ಬಿಡಬಹುದಾದುದು ಯಾವುದು? ಅಗ್ಗವಾಗಿ ದೊರೆಯುವುದು ಯಾವುದು?” ಎಂದು ಕೇಳುವುದು ಉಚಿತ. ತಾವಾಗಿಯೇ ಬಿಡುವುದೂ ಕತ್ತರಿಸುವುದೂ ಅಪಾಯಕರ.

ನಾವು ಹಾಗೆಯೇ ಮಾಡಿದೆವು. ಪೊಟ್ಟಣವನ್ನೂ ಮುಚ್ಚಿಡದೆ ತೋರಿಸಿದೆವು. ತಾಯಿಯವರು ಪೂರ್ಣ ಪ್ರಮಾಣದಲ್ಲಿ ಸೇವಿಸತೊಡಗಿದ ಮೇಲೆ ಒತ್ತಡವು ಹದಕ್ಕೆ ಬಂದಿತು. ಏಳನೆಯ ಗುಳಿಗೆಯನ್ನು ವೈದ್ಯರೇ ನಿಲ್ಲಿಸಿದರು.

ಇನ್ಸುಲಿನ್ನನ್ನು ಕಂಡುಹಿಡಿದವರು 1923ರಲ್ಲಿ ಅದರ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಔಷಧವು ಬೇಕಾದವರ ಕೈಗೆ ಎಟುಕಬೇಕೆಂಬ ಆ ಧರ್ಮಬುದ್ಧಿಯು ರಾಜ್ಯವನ್ನಾಳುವವರಿಗೂ ವ್ಯಾಪಾರಿಗಳಿಗೂ ಉಂಟಾಗಲಿ. ಅಷ್ಟರವರೆಗೆ, ಶ್ರೋತೃಗಳೇ, ನಿಮ್ಮ ಮನೆಯ ಹಿರಿಯರ ಔಷಧದ ಡಬ್ಬಿಯನ್ನು ಈ ರಾತ್ರಿಯೇ ಒಮ್ಮೆ ತೆರೆದು ನೋಡಿರೆಂದು ವಿಜ್ಞಾಪಿಸಿಕೊಳ್ಳುತ್ತೇವೆ.