ಹಸು ಬತ್ತಿದಾಗ ಮನೆ ಬತ್ತಬಾರದು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಸಂಜೆ ಹಾಲು ಕರೆಯುವ ಹೊತ್ತಿಗೆ ತಾವೆಲ್ಲ ಮನೆ ಸೇರಬೇಕು. ಆದ್ದರಿಂದ ಪೀಠಿಕೆ ಬೆಳೆಸುವುದಿಲ್ಲ. ನನಗೆ ಕೊಟ್ಟಿರುವ ವಿಷಯ ಕುಟುಂಬದ ಉಳಿತಾಯ. ಬೀಡಿ ಬಿಡಿ, ಕಾಫಿ ಕಡಿಮೆ ಮಾಡಿ, ಜಾತ್ರೆಗೆ ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಅದನ್ನು ಹೇಳುವವರು ನಿಮ್ಮ ನಿಮ್ಮ ಮನೆಯಲ್ಲೇ ಇದ್ದಾರೆ.

ಉಳಿತಾಯದ ಪಾಠಗಳೆಲ್ಲ ಸಾಮಾನ್ಯವಾಗಿ ತಿಂಗಳ ಸಂಬಳದವರನ್ನು ನೋಡಿ ಮಾಡಿದವು. ಅವರಿಗೆ ಹನ್ನೆರಡು ತಿಂಗಳೂ ಒಂದೇ ಸಮ. ನಮ್ಮ ಆದಾಯ ಕೆಚ್ಚಲಿನಿಂದ ಬರುವಂಥದು. ಹಸು ಕರು ಹಾಕಿದಾಗ ಏರುತ್ತದೆ, ಗಬ್ಬದ ದಿನ ತುಂಬುತ್ತ ಬಂದಂತೆ ಇಳಿಯುತ್ತದೆ, ಕೊನೆಯ ಎರಡು ತಿಂಗಳು ಪೂರ್ತಿ ನಿಂತುಹೋಗುತ್ತದೆ. ಒಲೆ ಮಾತ್ರ ನಿಲ್ಲುವುದಿಲ್ಲ, ಮಕ್ಕಳ ಶಾಲೆಯೂ ನಿಲ್ಲುವುದಿಲ್ಲ. ಹೈನುಗಾರರ ಮನೆಯ ಬಹುಪಾಲು ಕೈಸಾಲ ಹುಟ್ಟುವುದು ಈ ಎರಡು ತಿಂಗಳಲ್ಲೇ ಎಂಬುದು ಊರೂರು ಸುತ್ತಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ. ಆದ್ದರಿಂದ ಇವತ್ತಿನ ಮಾತು ಹೆಚ್ಚಾಗಿ ಅದರ ಬಗ್ಗೆಯೇ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಸರಿ, ಹಾಸಿಗೆ ಎಷ್ಟುದ್ದ ಎಂದು ಮೊದಲು ಅಳೆಯಬೇಕಲ್ಲ? ಒಂದು ಮಿಶ್ರತಳಿ ಹಸು ಇರುವ ಮನೆಯನ್ನು ತೆಗೆದುಕೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗಲೆಂದು ನಾನೇ ಹಿಡಿದಿದ್ದೇನೆ. ನಿಮ್ಮ ಪಾಸ್ ಪುಸ್ತಕದ ಅಂಕಿ ಹಾಕಿ ನೀವೇ ಮಾಡಿ ನೋಡಬೇಕು. ಹಸು 300 ದಿನ ಹಾಲು ಕೊಟ್ಟಿತು, ಸರಾಸರಿ ದಿನಕ್ಕೆ 8 ಲೀಟರ್. ಒಟ್ಟು 2,400 ಲೀಟರ್. ಲೀಟರಿಗೆ 35 ರೂಪಾಯಿಯಂತೆ 84,000 ರೂಪಾಯಿ. ಪಶು ಆಹಾರ, ಹಿಂಡಿ, ಬೂಸ, ಮೇವು, ಔಷಧಿ ಎಲ್ಲ ಸೇರಿ ದಿನಕ್ಕೆ 150 ರೂಪಾಯಿ ಖರ್ಚು ಹಿಡಿದರೆ 300 ದಿನಕ್ಕೆ 45,000. ಉಳಿದದ್ದು 39,000. ಅಂದರೆ ದಿನಕ್ಕೆ 130 ರೂಪಾಯಿ ಮನೆಗೆ ಸಿಕ್ಕಿತು.

ಮನೆಯವರು ಈ 130 ರೂಪಾಯಿಗೆ ಒಗ್ಗಿಕೊಳ್ಳುತ್ತಾರೆ. ಅಂಗಡಿ ಲೆಕ್ಕ, ಸಂತೆ ಖರ್ಚು ಎಲ್ಲವೂ ಅದಕ್ಕೆ ಹೊಂದಿಕೊಳ್ಳುತ್ತವೆ. ಆದರೆ ವರ್ಷದಲ್ಲಿ ಇನ್ನೂ 65 ದಿನ ಇದೆ. ಆಗ ಹಾಲಿಲ್ಲ. ಹಸುವಿಗೆ ಮಾತ್ರ ದಿನಕ್ಕೆ 80 ರೂಪಾಯಿಯದ್ದಾದರೂ ಮೇವು, ಆಹಾರ ಬೇಕು, ಒಟ್ಟು 5,200. ಇದನ್ನು 39,000ದಲ್ಲಿ ಕಳೆದರೆ 33,800. ಅದನ್ನು 365 ದಿನಕ್ಕೆ ಹಂಚಿ ನೋಡಿ, ದಿನಕ್ಕೆ 92 ರೂಪಾಯಿ ಚಿಲ್ಲರೆ ಬರುತ್ತದೆ. ಆ ಮನೆಯ ನಿಜವಾದ ಹಾಸಿಗೆ 92 ರೂಪಾಯಿಯದು, 130ರದ್ದಲ್ಲ. ನಡುವಿನ 38 ರೂಪಾಯಿ ಬತ್ತಿದ ದಿನಗಳಿಗೆ ಸೇರಿದ ಹಣ. ಅದು ಇವತ್ತು ನಮ್ಮ ಕೈಯಲ್ಲಿದೆ ಅಷ್ಟೆ.

ಆ ಹಣವನ್ನು ಇವತ್ತೇ ಖರ್ಚು ಮಾಡಿದ ಮನೆಯಲ್ಲಿ ಮುಂದೆ ಏನಾಗುತ್ತದೆ? ಹಸು ಏಳು ತಿಂಗಳ ಗಬ್ಬ. ಹಾಲು ಬತ್ತಿಸಬೇಕು. ಆದರೆ ಬಟವಾಡೆ ನಿಂತುಹೋಗುತ್ತದಲ್ಲ ಎಂಬ ಭಯಕ್ಕೆ ಎಂಟನೇ ತಿಂಗಳಲ್ಲೂ ಎರಡು ಲೀಟರ್ ಹಿಂಡುತ್ತಾರೆ. ಕರು ಹಾಕುವ ಮುಂಚೆ ಕೆಚ್ಚಲಿಗೆ ಸುಮಾರು 60 ದಿನ ವಿಶ್ರಾಂತಿ ಬೇಕು. ಅದು ಸಿಗದಿದ್ದರೆ ಮುಂದಿನ ಸೂಲಿನ ಹಾಲು ಇಳಿಯುತ್ತದೆ. ಎರಡು ಲೀಟರಿಗೆ ಆಸೆಪಟ್ಟು ಮುಂದಿನ ಹತ್ತು ತಿಂಗಳ ಹಾಲಿಗೆ ಕೈ ಹಾಕಿದಂತೆ.

ಇನ್ನೊಂದು ತೊಡಕು ಇದೆ. ನಮ್ಮಲ್ಲಿ ಅನೇಕರು ಸಂಘದಲ್ಲಿ ಪಶು ಆಹಾರವನ್ನು ಉದ್ದರಿ ತರುತ್ತಾರೆ, ಹಾಲಿನ ಹಣದಲ್ಲಿ ಮುರಿದುಕೊಳ್ಳುತ್ತಾರೆ. ಹಾಲೇ ಹಾಕದಿದ್ದರೆ ಯಾವುದರಲ್ಲಿ ಮುರಿಯುವುದು? ಕಾರ್ಯದರ್ಶಿಗಳಿಗೂ ಹೆದರಿಕೆ. ಹಾಗಾಗಿ ಬತ್ತಿದ ಹಸುವಿನ ಆಹಾರಕ್ಕೆ ರೊಕ್ಕ ಎಣಿಸಬೇಕು, ರೊಕ್ಕ ಇಲ್ಲದಿದ್ದರೆ ಹಸುವಿಗೆ ಬರೀ ಒಣಹುಲ್ಲು. ಹೊಟ್ಟೆಯಲ್ಲಿ ಕರು ಹೆಚ್ಚು ಬೆಳೆಯುವುದು ಆ ಕೊನೆಯ ಎರಡು ಮೂರು ತಿಂಗಳಲ್ಲೇ. ಹಸುವಿಗೆ ಅತ್ಯಂತ ಅವಶ್ಯಕವಾದ ಆಹಾರ ನಮ್ಮ ಕೈ ಖಾಲಿಯಾದ ದಿನಗಳಲ್ಲೇ ಬೀಳುತ್ತದೆ ನೋಡಿ. ಕೊನೆಗೆ ತಡೆಯಲಾರದೆ ತುಂಬು ಗಬ್ಬದ ಹಸುವನ್ನೇ ಮಾರಿದವರಿದ್ದಾರೆ. ಕೊಂಡವನ ಮನೆಯಲ್ಲಿ ಅದು ಕರು ಹಾಕಿ ಬಿಂದಿಗೆ ತುಂಬಿಸುತ್ತದೆ.

ಅಥವಾ ಕೈಸಾಲ. ನೂರಕ್ಕೆ ಮೂರು ರೂಪಾಯಿ ಎಂದರೆ ಕೇಳಲು ಸಣ್ಣದು. ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36. ಹನ್ನೊಂದು ಸಾವಿರ ತಂದು ಹತ್ತು ತಿಂಗಳಿಟ್ಟರೆ ಬಡ್ಡಿಯೇ 3,300 ರೂಪಾಯಿ. ಅದು 94 ಲೀಟರ್ ಹಾಲು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಕೆಚ್ಚಲು ತೊಳೆದು ಹನ್ನೆರಡು ದಿನ ಕರೆದ ಹಾಲು ಸಾಲ ಕೊಟ್ಟವನ ಮನೆಗೆ ಹೋಯಿತು.

ಹಾಗಾದರೆ ಮಾಡಬೇಕಾದದ್ದೇನು? ದಿನಕ್ಕೆ 38 ರೂಪಾಯಿ ತೆಗೆದಿಡಿ ಎಂದರೆ ನಡೆಯುವುದಿಲ್ಲ. ಹಾಲು ದಿನವೂ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಲೀಟರಿನ ಲೆಕ್ಕದಲ್ಲಿ ಇಡಬೇಕು. ಲೀಟರಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ಹಸು ದಿನಕ್ಕೆ 12 ಲೀಟರ್ ಕೊಡುವಾಗ ಹದಿನೈದು ದಿನದ ಬಟವಾಡೆಯಲ್ಲಿ 900 ರೂಪಾಯಿ ಹೋಗುತ್ತದೆ. 5 ಲೀಟರಿಗೆ ಇಳಿದಾಗ 375 ಮಾತ್ರ. ಇದ್ದಾಗ ಹೆಚ್ಚು, ಇಲ್ಲದಾಗ ಕಡಿಮೆ, ತಾನಾಗಿಯೇ ಸರಿಹೊಂದುತ್ತದೆ. 2,400 ಲೀಟರಿಗೆ 12,000 ರೂಪಾಯಿ ಆಗುತ್ತದೆ. 65 ದಿನಕ್ಕೆ ಬೇಕಾದದ್ದು ಹಸುವಿಗೆ 80, ಮನೆಗೆ 92, ಒಟ್ಟು ದಿನಕ್ಕೆ 172ರಂತೆ 11,180. ಸಾಲದೆ ಹೋಗುವುದಿಲ್ಲ, ಒಂದಿಷ್ಟು ಮಿಗುತ್ತದೆ.

ಐದು ರೂಪಾಯಿ ಎಂದ ಕೂಡಲೇ ನಿಮಗೆ ಇನ್ನೊಂದು ನೆನಪಾಗಿರಬಹುದು. ರಾಜ್ಯ ಸರ್ಕಾರದ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿತು. ಅದು ಹಾಲಿನ ಹಣದ ಜೊತೆ ಬರುವುದಿಲ್ಲ, ಬೇರೆಯಾಗಿ ಖಾತೆಗೆ ಬೀಳುತ್ತದೆ, ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ. ತಡವಾಯಿತೆಂದು ನಾವೆಲ್ಲ ಬೇಸರಪಡುತ್ತೇವೆ, ಬೇಸರಪಡುವುದು ನ್ಯಾಯವೇ. ಆದರೆ ಬಂದ ದಿನ ಅದನ್ನು ಮುಟ್ಟದೆ ಬಿಟ್ಟರೆ ಬತ್ತಿದ ದಿನಗಳ ಹಣ ಬಹುಮಟ್ಟಿಗೆ ಅಲ್ಲೇ ಸಿದ್ಧವಾಗುತ್ತದೆ. ಮನೆಯ ದಿನದ ಖರ್ಚು ಹೇಗೂ ಅದನ್ನು ನಂಬಿಕೊಂಡು ನಡೆಯುತ್ತಿಲ್ಲ. ತಡವಾಗುವ ಹಣವಾದ್ದರಿಂದ ಪೂರ್ತಿ ಅದನ್ನೇ ನೆಚ್ಚದೆ ಲೀಟರಿಗೆ ಎರಡು ರೂಪಾಯಿಯಾದರೂ ಬಟವಾಡೆಯಲ್ಲಿ ತೆಗೆದಿಡುವುದು ಒಳ್ಳೆಯದು.

ಎಲ್ಲಿ ಇಡಬೇಕು? ಹಾಲಿನ ಹಣ ಬೀಳುವ ಖಾತೆಯಲ್ಲಿ ಮಾತ್ರ ಬೇಡ. ಅಲ್ಲಿದ್ದರೆ ಅದು ಮೊಬೈಲಿನಲ್ಲೇ ಕರಗಿ ಹೋಗುತ್ತದೆ. ಮೊದಲು ಬಟವಾಡೆ ದಿನ ನೋಟು ಎಣಿಸುವಾಗ ಇದ್ದ ಹಿಡಿತ ಈಗ ಬೆರಳು ಒತ್ತುವಾಗ ಇರುವುದಿಲ್ಲ. ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಬೇರೆ ಉಳಿತಾಯ ಖಾತೆ ಇರಲಿ. ಕೊಟ್ಟಿಗೆಯ ಕೆಲಸದಲ್ಲಿ ಮುಕ್ಕಾಲು ಪಾಲು ಅವರದೇ ಆಗಿರುವಾಗ ಖಾತೆ ಅವರ ಹೆಸರಿನಲ್ಲಿರುವುದು ಉಪಕಾರವೇನೂ ಅಲ್ಲ. ಅಂಚೆ ಕಚೇರಿಯ ಆರ್.ಡಿ. ಒಳ್ಳೆಯದು, ತಿಂಗಳಿಗೆ 100 ರೂಪಾಯಿಯಿಂದಲೂ ಕಟ್ಟಬಹುದು. ಆದರೆ ಅದು 60 ತಿಂಗಳ ಕಂತಿನದು. ಹೆಣ್ಣುಗರು ಕೊಳ್ಳಲು, ಮಗಳ ಕಾಲೇಜಿಗೆ ಅದನ್ನು ಇಡಿ. ಎರಡು ತಿಂಗಳ ಬತ್ತುಗಾಲಕ್ಕೆ ಬೇಕಾದಾಗ ಕೈಗೆ ಸಿಗುವ ಖಾತೆಯೇ ಸರಿ.

ಚೀಟಿಯ ವಿಷಯ ಕೇಳುತ್ತೀರೆಂದು ಗೊತ್ತಿದೆ. ಹತ್ತು ಜನ ಗುರುತಿನವರು ಸೇರಿ ನಡೆಸುವ ಚೀಟಿಯಿಂದ ಮನೆ ಕಟ್ಟಿದವರೂ ಇದ್ದಾರೆ, ಚೀಟಿ ನಡೆಸುವವನು ರಾತ್ರೋರಾತ್ರಿ ಊರು ಬಿಟ್ಟು ಕೈಕೈ ಹಿಸುಕಿಕೊಂಡವರೂ ಇದ್ದಾರೆ. ದೇಶದಲ್ಲಿ 1982ರ ಚಿಟ್ ಫಂಡ್ ಕಾಯ್ದೆ ಇದೆ. ನೋಂದಣಿಯಾದ ಚೀಟಿಯೇ ಎಂದು ಕಾಗದ ಕೇಳಿ ನೋಡಿ. ಕೇಳಿದ್ದಕ್ಕೆ ಸಿಟ್ಟಾಗುವವನ ಹತ್ತಿರ ಹಣ ಕಟ್ಟಬೇಡಿ.

ಸಾಲವೇ ಬೇಕಾಯಿತು ಎನ್ನಿ. ಎಲ್ಲ ಸಾಲವೂ ಕೆಟ್ಟದ್ದಲ್ಲ. 2019ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಹೈನುಗಾರಿಕೆಯ ದಿನನಿತ್ಯದ ಖರ್ಚಿಗೂ, ಅಂದರೆ ಮೇವು, ಆಹಾರ, ಔಷಧಿಗೂ ದೊರೆಯುತ್ತದೆ. ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯಲ್ಲಿ ರಿಯಾಯಿತಿ ಇರುವ ಸಾಲ ಇದು. ಸಂಘದ ಸದಸ್ಯತ್ವದ ದಾಖಲೆ, ಹಾಲು ಹಾಕಿದ ಲೆಕ್ಕ ತೆಗೆದುಕೊಂಡು ಬ್ಯಾಂಕಿಗೆ ಹೋಗಿ. ಒಂದು ಸಲ ಹೋದಾಗ "ನಾಳೆ ಬನ್ನಿ" ಎಂದರೆ ನಾಳೆಯೂ ಹೋಗಿ. ಸಾಲಗಾರನ ಜಗುಲಿಗೆ ಎಷ್ಟು ಸಲ ಹೋಗುತ್ತೇವೆ!

ಹಸು ಬತ್ತುವ ದಿನಗಳು ಬೆಳೆಯದಂತೆ ನೋಡಿಕೊಳ್ಳುವುದೂ ಉಳಿತಾಯವೇ. ಹಸುವಿನ ಗಬ್ಬ ಸುಮಾರು 280 ದಿನ. ಕರು ಹಾಕಿದ 85 ದಿನದೊಳಗೆ ಮತ್ತೆ ಗಬ್ಬ ಕಟ್ಟಿದರೆ ವರ್ಷಕ್ಕೊಂದು ಕರು. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು, ಮುಂದಿನ ಹಾಲೂ 21 ದಿನ ಹಿಂದಕ್ಕೆ. ನಮ್ಮ ಲೆಕ್ಕದ ಮನೆಯಲ್ಲಿ ಆ 21 ದಿನವೂ ಹಾಲಿಲ್ಲದೆ ಕಳೆದರೆ ದಿನಕ್ಕೆ 172ರಂತೆ 3,612 ರೂಪಾಯಿ. ಬೆಳಿಗ್ಗೆ ಸಂಜೆ ಐದು ನಿಮಿಷ ಹಸುವಿನ ಹಿಂದೆ ನಿಂತು ಲೋಳೆ ಬಂದಿದೆಯೇ, ಕೂಗುತ್ತಿದೆಯೇ ಎಂದು ನೋಡುವುದಕ್ಕೆ ಇಷ್ಟು ಬೆಲೆ ಇದೆ. ಕರು ಹಾಕಿದ ದಿನ, ಬೆದೆ ಬಂದ ದಿನ, ಸೂಜಿ ಕೊಡಿಸಿದ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಎರಡು ಹಸು ಇರುವವರು ಎರಡೂ ಒಂದೇ ಕಾಲಕ್ಕೆ ಬತ್ತದಂತೆ ಐದಾರು ತಿಂಗಳ ಅಂತರ ಇಟ್ಟುಕೊಂಡರೆ ನಾನು ಇಷ್ಟು ಹೊತ್ತು ಹೇಳಿದ ಕಷ್ಟ ಅರ್ಧಕ್ಕರ್ಧ ಇಳಿಯುತ್ತದೆ.

ಉಳಿತಾಯ ಎಂದುಕೊಂಡು ನಷ್ಟ ಮಾಡಿಕೊಳ್ಳುವ ಕೆಲವು ಅಭ್ಯಾಸಗಳೂ ಇವೆ. ಖನಿಜ ಮಿಶ್ರಣ ದುಬಾರಿ ಎಂದು ಬಿಡುವುದು ಒಂದು. ಹಸು ಬೆದೆಗೆ ಬರದೆ ಅದರ ಹತ್ತರಷ್ಟು ಕಿತ್ತುಕೊಳ್ಳುತ್ತದೆ. ಮನೆಯ ಮಕ್ಕಳಿಗೆ ಲೋಟ ಹಾಲು ಇಡದೆ ಎಲ್ಲವನ್ನೂ ಡೇರಿಗೆ ಸುರಿಯುವುದು ಇನ್ನೊಂದು. ಅದನ್ನು ನಾನು ಉಳಿತಾಯ ಎಂದು ಒಪ್ಪುವುದಿಲ್ಲ.

ವಿಮೆಯ ಮಾತು ಚಿಕ್ಕದಾಗಿ. ರಾಸು ವಿಮೆ ಮಾಡಿಸಿದವರು ಕಿವಿಯೋಲೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಓಲೆ ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ. ಬಿದ್ದುಹೋದರೆ ಅಂದೇ ತಿಳಿಸಿ ಬೇರೆ ಹಾಕಿಸಿ. ಮನುಷ್ಯರ ವಿಮೆಯೂ ಮುಖ್ಯ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು 2022ರಿಂದ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಜೀವನ ಜ್ಯೋತಿಯ ಕಂತು 436 ರೂಪಾಯಿ. ಇವು ಖಾತೆಯಿಂದ ತಾವಾಗಿ ಮೇ ತಿಂಗಳ ಕೊನೆಗೆ ಮುರಿಯುತ್ತವೆ. ಆ ದಿನ ಖಾತೆ ಬರಿದಾಗಿದ್ದರೆ ವಿಮೆ ನಿಂತುಹೋಗುತ್ತದೆ, ಮನೆಯವರಿಗೆ ಅದು ಗೊತ್ತಾಗುವುದು ಬೇಡದ ದಿನ. ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಸಹಕಾರ ಸಂಘದ ಸದಸ್ಯರಾದ ನಮಗೇ ಮಾಡಿದ್ದು ಅದು. ನೋಂದಣಿಯ ಗಡುವನ್ನು ಕಾರ್ಯದರ್ಶಿಗಳು ಫಲಕದ ಮೇಲೆ ಬರೆದಾಗ ಓದಿಕೊಂಡು ಸುಮ್ಮನೆ ಹೋಗಬೇಡಿ.

ಕೊನೆಯದಾಗಿ ಬಟವಾಡೆ ಚೀಟಿ. ಬಹಳ ಜನ ಅದರ ಕೆಳಗಿನ ಅಂಕಿಯೊಂದನ್ನೇ ನೋಡುತ್ತಾರೆ. ಮೇಲಿನ ಒಟ್ಟು ಹಣ, ನಡುವೆ ಮುರಿದುಕೊಂಡದ್ದು, ಕೆಳಗೆ ಕೈಗೆ ಬಂದದ್ದು, ಮೂರನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಓದು ಬರುವ ಮಗನಿಂದಲೋ ಮಗಳಿಂದಲೋ ಬರೆಸಿ. ಆರು ಬಟವಾಡೆ ಬರೆದ ಮೇಲೆ ಆಹಾರಕ್ಕೆಷ್ಟು ಹೋಯಿತು, ಹಳೆ ಸಾಲಕ್ಕೆಷ್ಟು ಹೋಯಿತು ಎಂದು ನಿಮಗೇ ಕಾಣುತ್ತದೆ.

ಇವತ್ತು ಪಾಸ್ ಪುಸ್ತಕ ತಂದವರು ಊಟದ ನಂತರ ಈ ಮೇಜಿನ ಹತ್ತಿರ ಬನ್ನಿ. ನಿಮ್ಮ ಹಸು ಕರು ಹಾಕಿದ ದಿನ, ಈಗಿನ ಹಾಲು ಎಷ್ಟು ಎಂದು ಹೇಳಿದರೆ ಲೀಟರಿಗೆ ಎಷ್ಟು ತೆಗೆದಿಡಬೇಕೆಂದು ಕೂತು ಲೆಕ್ಕ ಹಾಕೋಣ. ನಾಲ್ಕು ಗಂಟೆಯ ಬಸ್ಸಿಗೆ ಹೋಗುವವರು ಮೊದಲು ಬರಲಿ.